ಹೇಳಿ ಹೋಗುವುದು

ಮಾರ್ಚ್ 3, ಸೋಮವಾರ

ಬಂದಿಳಿದೆವು. ನನ್ನ ತಮ್ಮ ಲಿಫ್ಟ್ ಕೂರಿಸುವ ಕಂಪನಿಯಲ್ಲಿ ಮೇಲ್ವಿಚಾರಕ. ಅವನು ಹಿಡಿದಿರುವ ಬಾಡಿಗೆ ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಅವನ ಬುದ್ಧಿಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಬೇಕಾಗಿಲ್ಲ.

ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಬಿಡಲು ಹೊರಗೆ ಬರಬೇಕು. ತಮ್ಮನ ಹೆಂಡತಿ ಬಂದವಳೇ ಮುಖ ಕೂಡ ತೊಳೆಯದೆ ಮಗುವಿನ ಬಟ್ಟೆಗಳನ್ನು ತೆಗೆದು ಅಳತೆಯ ಪ್ರಕಾರ ಡ್ರಾಯರಿನಲ್ಲಿ ಜೋಡಿಸಿದಳು. ಮಗು ಇನ್ನೂ ಕೈಗೆ ಬಂದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆ ಮಾಡಿದವರು ಇವಳನ್ನು ನೋಡಿಯೇ ಮಾಡಿರಬೇಕು. ಬ್ಯಾಂಕಿನಲ್ಲಿ ಕೌಂಟರಿನ ಹಿಂದೆ ಕೂತು ಕೂತು ಅವಳಿಗೆ ಪ್ರಪಂಚವೆಲ್ಲ ಸಾಲಿನಲ್ಲಿ ನಿಲ್ಲಬೇಕು. ನಾನು ಮನಸ್ಸಿನಲ್ಲಿ ಅವಳನ್ನು ಮೇಡಮ್ಮನವರು ಎಂದೇ ಕರೆಯುವುದು.

ಆ ಬಟ್ಟೆಗಳ ಹೊಲಿಗೆಯನ್ನು ನೋಡಿದೆ. ಎರಡು ಸಲ ಒಗೆದರೆ ಬಿಟ್ಟುಕೊಳ್ಳುತ್ತದೆ. ಇಷ್ಟು ವರ್ಷ ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿದವಳು ನಾನು. ಹೇಳಲಿಲ್ಲ. ಕೇಳಿದರೆ ತಾನೇ ಹೇಳುವುದು.

ಊರಿನಲ್ಲಿ ದತ್ತು ಮಗುವಿಗಾಗಿ ಕಾದು ಕಾದು ಇವರಿಗೆ ಸಾಕಾಗಿತ್ತು. ತಮ್ಮ ಹಿಂದೆ ಕೆಲಸದ ಮೇಲೆ ಎರಡು ವರ್ಷ ಈ ದೇಶದಲ್ಲಿದ್ದಾಗ ಇಲ್ಲೇ ಅರ್ಜಿ ಹಾಕಿದ್ದ. ಈಗ ಕರೆ ಬಂದಿದೆ. ಬೇಕಾದ್ದು ಇವರಿಬ್ಬರಿಗೆ, ಎಳೆದುಕೊಂಡು ಬಂದದ್ದು ನನ್ನನ್ನು. "ಅತ್ತಿಗೆ, ನೀವು ಜೊತೆಗಿದ್ರೆ ನಮಗೊಂದು ಧೈರ್ಯ" ಅಂದಳು. ಧೈರ್ಯವಂತೆ! ಅಡುಗೆಯವಳಾದರೆ ಸಂಬಳ ಕೇಳುತ್ತಾಳೆ, ಗಂಡ ಸತ್ತ ಅಕ್ಕ ಕೇಳುವುದಿಲ್ಲ.

ಅವರು ಹೋಗಿ ಏಳು ತಿಂಗಳಾಯಿತು. ಇದ್ದಿದ್ದರೆ ಇದನ್ನೆಲ್ಲ ಅವರ ಹತ್ತಿರ ಹೇಳಿ ನಗುತ್ತಿದ್ದೆ. ಈಗ ಈ ಪುಸ್ತಕ. ಇದು ನಗುವುದಿಲ್ಲ. ಎದುರು ಮಾತಾಡುವುದೂ ಇಲ್ಲ, ಅಷ್ಟೇ ಪುಣ್ಯ.

ಮಾರ್ಚ್ 5, ಬುಧವಾರ

ಮಗುವನ್ನು ನೋಡಲು ಹೋಗಿದ್ದೆವು. ಮಕ್ಕಳ ಮನೆ ಒಂದು ಹಳೆಯ ಕಟ್ಟಡದಲ್ಲಿದೆ. ನೆಲಕ್ಕೆ ಔಷಧಿ ಹಾಕಿ ಒರೆಸಿದ ವಾಸನೆ. ಗೋಡೆಯ ಮೇಲೆ ಆನೆಯ ಚಿತ್ರ ಬರೆದಿದ್ದಾರೆ, ಬರೆದವನು ಆನೆಯನ್ನು ಕಂಡವನಲ್ಲ.

ಒಬ್ಬ ದುಭಾಷಿ ಸಿಕ್ಕಿದ್ದಾರೆ, ನಮ್ಮ ಭಾಷೆಯವರೇ. ಇಲ್ಲಿಗೆ ಬಂದು ಎಷ್ಟು ಕಾಲವಾಯಿತೋ, ಮಾತು ತುಕ್ಕು ಹಿಡಿದಿದೆ. ಕೆಟ್ಟು ನಿಂತ ಗಾಡಿಯನ್ನು ನೂಕಿ ಶುರುಮಾಡುವ ಹಾಗೆ ಪ್ರತಿ ಮಾತನ್ನೂ "ಹೇಳ್ಬೇಕಂದ್ರೆ" ಎಂದು ನೂಕಬೇಕು. "ಹೇಳ್ಬೇಕಂದ್ರೆ, ಇದೇ ಮಗು."

ಹನ್ನೊಂದು ತಿಂಗಳ ಹೆಣ್ಣು. ಅಳಲಿಲ್ಲ, ನಗಲಿಲ್ಲ. ಎರಡು ಕೈಯನ್ನೂ ಮಂಡಿಯ ಮೇಲಿಟ್ಟು, ಕೆಳತುಟಿ ಮುಂದೆ ಮಾಡಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿತು. ಹಳೆಯ ಕಾಲದಲ್ಲಿ ಕಂದಾಯ ಕಟ್ಟದ ರೈತರನ್ನು ಅಮಲ್ದಾರ ನೋಡುತ್ತಿದ್ದುದು ಹೀಗೇ ಇರಬೇಕು. ಮೇಡಮ್ಮನವರು ಮೊದಲೇ ತೀರ್ಮಾನ ಮಾಡಿಕೊಂಡು ಬಂದ ಹಾಗೆ ಅತ್ತರು. ತಮ್ಮ ಒಂದು ರಬ್ಬರ್ ಬಾತುಕೋಳಿಯನ್ನು ಅಮುಕಿ ಕೀ ಎನ್ನಿಸಿದ. ಮಗು ಬಾತುಕೋಳಿಯನ್ನೂ ನೋಡಿತು, ಅವನನ್ನೂ ನೋಡಿತು, ಎರಡೂ ಒಂದೇ ಎಂದು ಮುಖ ತಿರುಗಿಸಿತು.

"ಅಕ್ಕ, ನೀನೂ ಎತ್ಕೋ" ಅಂದ.

"ನನಗ್ಯಾಕಪ್ಪ" ಅಂದೆ.

ನನಗೂ ನಮ್ಮ ಯಜಮಾನರಿಗೂ ಮಕ್ಕಳಾಗಲಿಲ್ಲ. ಆಗ ಅವರು ಒಂದು ಸಲ ದತ್ತಿನ ಮಾತೆತ್ತಿದ್ದರು. "ಬೀದೀಲಿ ಹೋಗೋದನ್ನ ಮನೆಗೆ ತರೋದು ಬೇಡ" ಎಂದು ನಮ್ಮತ್ತೆ ಒಂದೇ ಮಾತಿನಲ್ಲಿ ಮುಗಿಸಿದರು. ಈಗ ನೋಡಿ, ವಿಮಾನ ಹತ್ತಿ ಬಂದು ತರುತ್ತಾರೆ, ಎಲ್ಲರೂ ಭೇಷ್ ಅನ್ನುತ್ತಾರೆ. ಕಾಲ ಬದಲಾಯಿತಂತೆ. ಬದಲಾಗಲಿ, ನನಗೇನು.

ಮಾರ್ಚ್ 10, ಸೋಮವಾರ

ಅಮಲ್ದಾರರು ಮನೆಗೆ ಬಂದರು.

ಆದರೆ ಮಗು ಇನ್ನೂ ಇವರದ್ದಲ್ಲವಂತೆ. ಕೆಲವು ವಾರ ಇಲ್ಲೇ ಜೊತೆಯಲ್ಲಿ ಬಾಳಿ ತೋರಿಸಬೇಕು. ಪ್ರತಿ ಶುಕ್ರವಾರ ಕಚೇರಿಯಿಂದ ಒಬ್ಬಳು ಬಂದು ನೋಡುತ್ತಾಳೆ. ಅವಳು ಒಪ್ಪಿ ಬರೆದುಕೊಟ್ಟರೆ ನ್ಯಾಯಾಧೀಶರು ಸಹಿ ಹಾಕುತ್ತಾರೆ. ಒಪ್ಪದಿದ್ದರೆ ಮಗು ವಾಪಸ್, ಸರದಿಯಲ್ಲಿ ಮುಂದೆ ನಿಂತವರಿಗೆ. ದುಭಾಷಿ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿ ನೀರಾಗಿತ್ತು.

"ಹೆಣ್ಣು ನೋಡೋಕೆ ಬರೋರ ಹಾಗೆ" ಅಂದೆ.

"ಹೇಳ್ಬೇಕಂದ್ರೆ ಹಾಗೇ ತಾಯಿ. ಆದ್ರೆ ಇಲ್ಲಿ ನೋಡೋದು ಹೆಣ್ಣನ್ನಲ್ಲ, ಗಂಡಿನ ಕಡೆಯೋರನ್ನ."

ಈ ಒಂದು ಮಾತು ಚೆನ್ನಾಗಿ ಹೇಳಿದರು ಅನ್ನಬೇಕು.

ಮೇಡಮ್ಮನವರು ಪುಸ್ತಕ ನೋಡಿ ಹಾಲು ಕಾಯಿಸುತ್ತಾರೆ. ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿಕೊಂಡು ಕಣ್ಣು ಮುಚ್ಚಿ ಯೋಚಿಸುತ್ತಾರೆ. ಅವರು ಯೋಚಿಸಿ ಮುಗಿಸುವ ಹೊತ್ತಿಗೆ ಹಾಲು ತಣ್ಣಗಾಗುತ್ತದೆ, ಮತ್ತೆ ಒಲೆಗೆ. ಅಮಲ್ದಾರರು ಬಾಟಲಿಯನ್ನು ಕೈಯಿಂದ ತಳ್ಳಿ, ತುಟಿ ಬಿಗಿದು ಕೂತಿದ್ದಾರೆ.

ಮಾರ್ಚ್ 13, ಗುರುವಾರ

ಮೂರು ದಿನದಿಂದ ಮಗು ಹೊಟ್ಟೆ ತುಂಬ ತಿಂದಿಲ್ಲ. ಗಂಡ ಹೆಂಡತಿ ಇಬ್ಬರೂ ಎದುರಿಗೆ ಕೂತು ಬಾಯಿ ಕಳೆದು ತೋರಿಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಚಮಚವನ್ನು ವಿಮಾನ ಮಾಡುತ್ತಾರೆ. ಸರ್ಕಸ್ಸಿಗೆ ಟಿಕೆಟ್ ಇಡಬಹುದು.

ಇವತ್ತು ಮಧ್ಯಾಹ್ನ ನಾನು ಗಂಜಿಯ ಬಟ್ಟಲು ಹಿಡಿದು ನೆಲದ ಮೇಲೆ ಕೂತು ನನ್ನ ಪಾಡಿಗೆ ತಿನ್ನುತ್ತಿದ್ದೆ. ಮಗು ತೆವಳಿಕೊಂಡು ಬಂದು ನನ್ನ ಮಂಡಿ ಹಿಡಿದು ನಿಂತಿತು. ನಾನು ನೋಡಲಿಲ್ಲ. ಇನ್ನೊಂದು ಚಮಚ ತಿಂದೆ. ಅದು ಬಾಯಿ ತೆರೆಯಿತು. ಒಂದು ಚಮಚ ಕೊಟ್ಟೆ. ಹೀಗೆ ಅದಕ್ಕೊಂದು ನನಗೊಂದು, ಬಟ್ಟಲು ಬರಿದಾಯಿತು.

"ಅಯ್ಯೋ ಅತ್ತಿಗೆ, ಹೇಗೆ ತಿನ್ನಿಸಿದ್ರಿ?" ಎಂದು ಮೇಡಮ್ಮನವರು ಬಾಗಿಲಲ್ಲಿ ನಿಂತು ಬೆರಗಾದರು.

"ತಿನ್ನಿಸ್ಲಿಲ್ಲ. ನನಗೆ ಹಸಿವಾಗಿತ್ತು" ಅಂದೆ. ಸುಳ್ಳಲ್ಲ.

ಮಾರ್ಚ್ 14, ಶುಕ್ರವಾರ

ಕಚೇರಿಯವಳು ಬಂದಿದ್ದಳು. ಪೊಲೀಸರ ಹಾಗೆ ದಪ್ಪ ಬೂಟು. ಬಾಗಿಲಲ್ಲಿ ಬಿಚ್ಚಿಟ್ಟಳು, ಕಾಲುಚೀಲ ಹೆಬ್ಬೆರಳಿನ ಹತ್ತಿರ ತೂತು. ಊರ ಮಕ್ಕಳ ಭವಿಷ್ಯ ನೋಡುತ್ತಾಳೆ, ತನ್ನ ಹೆಬ್ಬೆರಳು ನೋಡಿಕೊಳ್ಳುವುದಿಲ್ಲ. ಸುಮ್ಮನೆ ಕೂತು ನೋಡಿ ಹೋದಳು.

ಮಾರ್ಚ್ 20, ಗುರುವಾರ

ಬರೆಯಲು ಪುರುಸೊತ್ತಿಲ್ಲ. ಸ್ನಾನ ನಾನೇ, ಊಟ ನಾನೇ, ನಿದ್ದೆ ಮಾಡಿಸುವುದೂ ನಾನೇ. ಇವರಿಗೆ ಮಗು ಬೇಕಂತೆ, ಮಗುವಿನ ಮೂಗು ಒರೆಸುವುದು ಬರುವುದಿಲ್ಲವಂತೆ. ಮೇಡಮ್ಮನವರು ಟವೆಲ್ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತಾರೆ, ಡಾಕ್ಟರ ಪಕ್ಕದಲ್ಲಿ ನರ್ಸ್ ನಿಂತ ಹಾಗೆ. "ಕೊಡ್ಲಾ ಅತ್ತಿಗೆ? ಹಿಡ್ಕೊಳ್ಲಾ ಅತ್ತಿಗೆ?" "ಬೇಡ, ನೀನು ಹೋಗಿ ಮಲ್ಕೋ" ಅನ್ನುತ್ತೇನೆ. ಹೋಗುತ್ತಾಳೆ. ಬಾಯಿ ಮುಚ್ಚಿಕೊಂಡು ಹೋಗುವ ಒಳ್ಳೆಯ ಗುಣ ಒಂದಿದೆ.

ಅಂಗಡಿಯ ಬಟ್ಟೆಯ ಹೊಲಿಗೆ ನಾನು ಅಂದುಕೊಂಡಂತೆಯೇ ಬಿಟ್ಟುಕೊಂಡಿತು. ನನ್ನ ಹಳೆಯ ಹತ್ತಿ ಸೀರೆಯಿಂದ ಎರಡು ಅಂಗಿ ಹೊಲಿದೆ. ಮೆತ್ತಗಿರಲಿ ಎಂದು ಹೊಲಿಗೆಯ ಅಂಚನ್ನು ಹೊರಗಡೆಗೆ ಹಾಕಿದೆ. ಇದನ್ನು ನೋಡಿ ಅಕ್ಕರೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಆ ಸೀರೆ ಹೇಗೂ ಹರಿದಿತ್ತು.

ಮಧ್ಯಾಹ್ನ ಬೀದಿಗೆ ಎತ್ತಿಕೊಂಡು ಹೋಗಿದ್ದೆ. ಬ್ರೆಡ್ಡಿನ ಅಂಗಡಿಯವಳು ಏನೋ ಕೇಳಿದಳು, ಬೆರಳಿನಿಂದ ಮಗುವನ್ನೂ ನನ್ನನ್ನೂ ತೋರಿಸಿ. ನಾನು ತಲೆಯಾಡಿಸಿದೆ. ಅವಳು ಏನು ಕೇಳಿದಳೋ ಯಾರಿಗೆ ಗೊತ್ತು.

ಮಾರ್ಚ್ 28, ಶುಕ್ರವಾರ

ಕಚೇರಿಯವಳ ಮೂರನೆಯ ಭೇಟಿ. ಇವತ್ತು ಸುಮ್ಮನೆ ಕೂರಲಿಲ್ಲ. ಮಗುವನ್ನು ತಾನೇ ಎತ್ತಿಕೊಂಡಳು. ಹೊಸಬರ ಕೈಗೆ ಹೋದ ಮಗು ಬಿಡುತ್ತದೆಯೇ, ಮನೆ ಹಾರಿಹೋಗುವ ಹಾಗೆ ಕಿರುಚಿತು. ಅವಳು ಅದನ್ನು ಚಾಪೆಯ ನಡುವೆ ಇಳಿಸಿ ದೂರ ಸರಿದು ನಿಂತಳು.

"ಬಾ ಪುಟ್ಟಾ, ಅಮ್ಮ ಇಲ್ಲಿದೀನಿ ಬಾ" ಎಂದು ಮೇಡಮ್ಮನವರು ಕೈ ಚಾಚಿದರು.

ಮಗು ತೆವಳಿತು. ಅವಳ ಮಂಡಿಯನ್ನು ದಾಟಿತು. ಸೋಫಾದ ಮೇಲಿದ್ದ ತಮ್ಮನನ್ನು ದಾಟಿತು. ಅಡುಗೆಮನೆಯ ಹೊಸ್ತಿಲು ದಾಟಿ ಬಂದು ನನ್ನ ಸೆರಗು ಹಿಡಿದುಕೊಂಡಿತು. ನನ್ನ ಕೈಯೆಲ್ಲ ಹಿಟ್ಟು. ಹಾಗೇ ಎತ್ತಿಕೊಂಡೆ. ಗುಂಡಿ ಒತ್ತಿದ ಹಾಗೆ ಅಳು ನಿಂತಿತು.

ನಾನು ಕರೆದೆನೇ? ಕರೆಯಲಿಲ್ಲ. ಬೆನ್ನು ಹಾಕಿ ನಿಂತಿದ್ದೆ. ಮುಖ ಸ್ವಲ್ಪ ಬಾಗಿಲ ಕಡೆ ತಿರುಗಿದ್ದರೆ ಅದು ಅಡುಗೆಮನೆ ಇಕ್ಕಟ್ಟು ಎಂದು.

ಕಚೇರಿಯವಳು ತಮ್ಮನನ್ನೂ ಅವನ ಹೆಂಡತಿಯನ್ನೂ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದಳು. ದುಭಾಷಿ "ಹೇಳ್ಬೇಕಂದ್ರೆ" ಅನ್ನುವುದನ್ನೂ ಮರೆತರು.

"ಮಗು ತಾಯಿ ಅಂತ ಈ ಅಮ್ಮನ್ನ ಹಿಡ್ಕೊಂಡಿದೆ. ಇವರು ಅರ್ಜಿಯಲ್ಲಿಲ್ಲ. ನಾಳೆ ಊರಿಗೆ ಹೋದ್ಮೇಲೆ ಇವರ ಮನೆ ಬೇರೆ, ನಿಮ್ಮ ಮನೆ ಬೇರೆ. ಒಂದು ಸಲ ತಾಯಿನ ಕಳ್ಕೊಂಡಿರೋ ಮಗು ಇದು. ಇನ್ನೊಂದು ಸಲ ಕಳ್ಕೊಳ್ಳೋ ಹಾಗೆ ಮಾಡೋಕೆ ನಾನು ಬರ್ಕೊಡಲ್ಲ ಅಂತಾರೆ. ಎರಡು ಶುಕ್ರವಾರ ನೋಡ್ತಾರಂತೆ. ಆಮೇಲೂ ಹೀಗೇ ಇದ್ರೆ, ಮಗು ವಾಪಸ್."

ಮೇಡಮ್ಮನವರು ಅಳಲಿಲ್ಲ. ಅಳಬೇಕಾದ ಸಮಯದಲ್ಲಿ ಅಳುವುದಿಲ್ಲ, ಅದೂ ಬರುವುದಿಲ್ಲ ಇವಳಿಗೆ.

ಮಾರ್ಚ್ 29, ಶನಿವಾರ

ದೊಡ್ಡ ಜಗಳ. ಮಗು ಮಲಗಿತ್ತು, ಆದ್ದರಿಂದ ಪಿಸುಮಾತಿನಲ್ಲೇ ಜಗಳ. ಪಿಸುಮಾತಿನಲ್ಲಿ ಬೈಯುವುದು ಬಹಳ ಕಷ್ಟ.

ತಮ್ಮ ಶುರುಮಾಡಿದ. "ಅಕ್ಕ, ನೀನು ಸ್ವಲ್ಪ ದಿನ ದೂರ ಇರೋಕಾಗುತ್ತಾ?"

"ಓಹೋ. ಗಂಜಿ ಬೇಯಿಸೋವರೆಗೆ ಅಕ್ಕ ಬೇಕಿತ್ತು."

"ಹಾಗಲ್ಲ ಅಕ್ಕ..."

"ನಿಮ್ಗೆ ಒಂದು ಮಗು ಎತ್ಕೊಳ್ಳೋಕೆ ಬರಲ್ಲ, ಅದಕ್ಕೆ ನಾನು ಕಾರಣ! ನಿನ್ನ ಹೆಂಡತಿ ಟವೆಲ್ ಹಿಡ್ಕೊಂಡು ನಿಂತಿರ್ತಾಳೆ, ಕಂಬದ ಹಾಗೆ. ಒಂದು ದಿನ ಬಾಯಿಬಿಟ್ಟು ಕೇಳಿದಾಳಾ?"

ಆಗ ಅವಳು ಮಾತಾಡಿದಳು. "ಹೇಗೆ ಕೇಳ್ಲಿ ಅತ್ತಿಗೆ? ದೊಡ್ಡೋರ ಕೈಯಿಂದ ಮಗುನ ಕಿತ್ಕೊಳ್ಳೋಕಾಗುತ್ತಾ? ನಮ್ಮಮ್ಮ ಹಾಗೆ ಕಲಿಸಿಲ್ಲ ನನಗೆ."

"ಕಿತ್ಕೋ ಅಂದೋರ್ಯಾರು, ಕೇಳು ಅಂದೆ."

"ಭಾವ ಹೋದ್ಮೇಲೆ ನೀವು ಎರಡು ಹೊತ್ತು ಊಟ ಮಾಡಿದ್ದೇ ನೋಡಿರ್ಲಿಲ್ಲ. ಇಲ್ಲಿ ಬಂದು ಅದರ ಜೊತೆ ಗಂಜಿ ತಿಂದ್ರಿ. ಮೊನ್ನೆ ಸ್ನಾನ ಮಾಡಿಸ್ತಾ ಹಾಡ್ತಿದ್ರಿ. ನಾನು ಬಾಗಿಲಲ್ಲಿ ನಿಂತ್ಕೊಂಡು ನನ್ನ ಮಗುನ ಈಗ ಕೇಳ್ಲಾ, ಆಮೇಲೆ ಕೇಳ್ಲಾ ಅಂತ..."

ತಮ್ಮ ಗೋಡೆ ನೋಡುತ್ತಿದ್ದ. ಈ ಮನೆಯಲ್ಲಿ ಎಲ್ಲರೂ ನನಗೆ ದಯೆ ತೋರಿಸುತ್ತಿದ್ದರೆಂದು ಈಗ ಗೊತ್ತಾಯಿತು. ಅಡುಗೆಯವಳಾಗಿ ಅಲ್ಲ, ರೋಗಿಯಾಗಿ ಕರೆತಂದದ್ದು. ಮಗು ಔಷಧಿ. ನನ್ನ ದುಃಖಕ್ಕೆ ಇವರು ತಮ್ಮ ಮಗುವನ್ನು ಒಂದೊಂದು ಚಮಚ ಹಾಕುತ್ತಿದ್ದರು. ಇಂಥ ದಡ್ಡರನ್ನು ನಾನು ಎಲ್ಲೂ ಕಂಡಿಲ್ಲ.

ನಾನು ಹಾಡಿಲ್ಲ. ಅದು ಮಾತ್ರ ಸುಳ್ಳು.

ಮಾರ್ಚ್ 30, ಭಾನುವಾರ

ಕೆಳಗೆ ಮನೆಯೊಡತಿಯ ಹತ್ತಿರ ಒಂದು ಕೋಣೆ ಖಾಲಿ ಇತ್ತು. ಅಲ್ಲಿಗೆ ಬಂದೆ.

ಬರುವಾಗ ಅಳಿಸಬಾರದಲ್ಲ. ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಮಾಡಿದೆವು. ತಮ್ಮ ಮಗುವನ್ನು ಕಿಟಕಿಯ ಹತ್ತಿರ ಎತ್ತಿಕೊಂಡು "ಅಲ್ನೋಡು ಕಾಗೆ! ಅಲ್ನೋಡು!" ಅಂದ. ಕಿಟಕಿಯಲ್ಲಿ ಎದುರುಮನೆಯ ಗೋಡೆಯ ಹೊರತು ಏನೂ ಇಲ್ಲ. ಮಗು ಆ ಗೋಡೆಯ ಮೇಲೆ ಕಾಗೆ ಹುಡುಕುತ್ತಿದ್ದಾಗ ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಾಗಿಲು ದಾಟಿದೆ. ನಾವೆಲ್ಲ ಬೆಳೆದದ್ದು ಹೀಗೇ. ನಮ್ಮಮ್ಮ ಹೊಲಿಗೆ ಅಂಗಡಿಗೆ ಹೋಗುವಾಗಲೆಲ್ಲ ನಾನು ಎಷ್ಟು ಕಾಗೆ ನೋಡಿದ್ದೇನೋ.

ಏಪ್ರಿಲ್ 1, ಮಂಗಳವಾರ

ಮನೆಯೊಡತಿ ಗಿಡ್ಡ ಹೆಂಗಸು, ದೊಡ್ಡ ದನಿ. ನಾನು ನಲ್ಲಿ ಬಿಗಿಯಾಗಿ ನಿಲ್ಲಿಸಿಲ್ಲ ಎಂದು ಅವಳ ಭಾಷೆಯಲ್ಲಿ ಬೈದಳು. ನಿನ್ನ ನಲ್ಲಿಗೆ ವಾಷರ್ ಹೋಗಿದೆ ಕಣೇ ಎಂದು ನನ್ನ ಭಾಷೆಯಲ್ಲಿ ಬೈದೆ. ಆಮೇಲೆ ಇಬ್ಬರೂ ಕೂತು ಟೀ ಕುಡಿದೆವು. ಈ ದೇಶದಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡಿದ್ದು ಇವಳೊಬ್ಬಳ ಹತ್ತಿರ.

ಮೇಲಿನಿಂದ ಅಳು ಕೇಳುತ್ತದೆ. ಮೂರು ಮಹಡಿ ಇಳಿದು ಬರುತ್ತದೆ. ನಾನು ಟೀವಿಯ ದನಿ ಹೆಚ್ಚು ಮಾಡಿದೆ. ಅರ್ಥವಾಗದ ಭಾಷೆಯಲ್ಲಿ ಯಾರೋ ತರಕಾರಿ ಹೆಚ್ಚುತ್ತಿದ್ದರು.

ಏಪ್ರಿಲ್ 2, ಬುಧವಾರ

ಅಳು ಕೇಳಲಿಲ್ಲ. ಇದು ಇನ್ನೂ ಕೆಟ್ಟದು.

ಏಪ್ರಿಲ್ 4, ಶುಕ್ರವಾರ

ಕಚೇರಿಯವಳು ಮೇಲೆ ಹೋಗಿ ಬಂದು, ನೇರವಾಗಿ ನನ್ನ ಕೋಣೆಗೆ ಬಂದಳು, ದುಭಾಷಿಯನ್ನು ಹಿಂದಿಟ್ಟುಕೊಂಡು. ಬೂಟು ಬಿಚ್ಚಿ ಮಂಚದ ತುದಿಯಲ್ಲಿ ಕೂತಳು. ನನ್ನನ್ನು ಗೆದ್ದು ಬಂದಿದ್ದಾಳೆ, ಈಗ ಉಪದೇಶ ಮಾಡುತ್ತಾಳೆ ಎಂದುಕೊಂಡೆ.

"ಮಗು ಅಳ್ತಾ ಇಲ್ಲ. ಬಾಗಿಲ ಮುಂದೆ ಕೂತಿದೆ. ಯಾರು ಕರೆದ್ರೂ ತಿರುಗಲ್ಲ, ಬಾಗಿಲನ್ನೇ ನೋಡುತ್ತೆ" ಎಂದರು ದುಭಾಷಿ. "ನೀವು ಹೇಗೆ ಬಂದ್ರಿ ಅಂತ ಕೇಳ್ತಿದಾರೆ."

ಕಾಗೆಯ ವಿಷಯ ಹೇಳಿದೆ. ದುಭಾಷಿ ಅದನ್ನು ಅವಳಿಗೆ ಹೇಳಲು ಪಟ್ಟ ಪಾಡು! ಕೈಯಲ್ಲಿ ರೆಕ್ಕೆ ಬಡಿದು ತೋರಿಸಿದರು. ಅವಳು ನಗಲಿಲ್ಲ.

"ಮಗುವಿನ ಪಾಲಿಗೆ ನೀವು ಹೋಗಿಲ್ಲವಂತೆ ತಾಯಿ. ಹೋಗಿದ್ದನ್ನ ಅದು ನೋಡಿಲ್ಲ. ಕಣ್ಣು ಆಚೆ ತಿರುಗಿಸಿದಾಗ ನೀವು ಇಲ್ಲವಾದ್ರಿ. ಅದಕ್ಕೇ ಈಗ ಕಣ್ಣು ತೆಗೀತಾ ಇಲ್ಲ. ಮೊದಲು ಹೆತ್ತವಳೂ ಹಾಗೇ ಬಿಟ್ಟು ಹೋಗಿದ್ದಂತೆ, ಮಲಗಿದ್ದಾಗ."

ನಾನು ಅವಳ ಹೆಬ್ಬೆರಳನ್ನೇ ನೋಡುತ್ತಿದ್ದೆ.

"ಹೋಗೋದಾದ್ರೆ ಹೇಳಿ ಹೋಗಿ ಅಂತಾರೆ. ಅದರ ಕಣ್ಣ ಮುಂದೆ. ತಾಯಿ ಕೈಗೆ ಕೊಟ್ಟು, ಮುಖ ನೋಡಿ, ಹೇಳಿ, ಬಾಗಿಲು ಹಾಕ್ಕೊಂಡು ಹೋಗಿ. ಅಳುತ್ತೆ. ಅಳ್ಲಿ. ಅಳೋಕೆ ಅದಕ್ಕೆ ಒಂದು ಹೆಗಲು ಇರುತ್ತಲ್ಲ ಆಗ."

"ಅದಕ್ಕೆ ಮಾತು ಎಲ್ಲಿ ಅರ್ಥವಾಗುತ್ತೆ?"

ದುಭಾಷಿ ಕೇಳಿದರು. ಅವಳು ಒಂದೇ ಮಾತು ಹೇಳಿದಳು. "ನಿಮಗೆ ಅರ್ಥವಾಗುತ್ತಲ್ಲ ಅಂತಾರೆ."

ಎಂಥ ಅಹಂಕಾರ.

ಏಪ್ರಿಲ್ 5, ಶನಿವಾರ

ಏಳು ತಿಂಗಳ ಹಿಂದೆ ನೀವು ಹೋದ ದಿನದ ವಿಷಯ ನಾನು ಈ ಪುಸ್ತಕದಲ್ಲಿ ಬರೆದಿಲ್ಲ. ಬರೆಯುವಂಥದ್ದು ಏನೂ ಇಲ್ಲ. "ಬಾಯಿ ಒಣಗಿದೆ, ಸ್ವಲ್ಪ ಬಿಸಿನೀರು ತಗೊಂಬಾ" ಎಂದು ಫ್ಲಾಸ್ಕ್ ಕೊಟ್ಟು ಕೆಳಗೆ ಕಳಿಸಿದಿರಿ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಜನ ಇದ್ದರು. ಬಂದಾಗ ಮಂಚದ ಸುತ್ತ ಪರದೆ ಎಳೆದಿತ್ತು.

ನಿಮಗೆ ಗೊತ್ತಿತ್ತು ಎಂದೇ ನನ್ನ ಅನುಮಾನ. ನಾನು ಅಳುವುದನ್ನು ನೋಡಲು ನಿಮಗೆ ಆಗುತ್ತಿರಲಿಲ್ಲ, ಮೊದಲಿನಿಂದಲೂ ಪುಕ್ಕಲು. ನನಗೂ ಕಾಗೆ ತೋರಿಸಿದಿರಿ.

ಆಮೇಲೆ ಎಷ್ಟೋ ದಿನ ಆ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಡುತ್ತಿದ್ದೆ. ಯಾಕೆ ಎಂದು ಯಾರೂ ಕೇಳಲಿಲ್ಲ, ಒಳ್ಳೆಯದಾಯಿತು.

ತಮ್ಮನಿಗೆ ಟಿಕೆಟ್ ತೆಗೆಯಲು ಹೇಳಿದ್ದೇನೆ. ಬರಿಯ ಮೂರು ಮಹಡಿ ಕೆಳಗಿದ್ದರೆ ಹೋದ ಹಾಗಲ್ಲ.

ಏಪ್ರಿಲ್ 6, ಭಾನುವಾರ

ವಿಮಾನಕ್ಕೆ ಇನ್ನೂ ಸಮಯವಿದೆ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಮೇಲೆ ಹೋದೆ. ಬಾಗಿಲು ತೆರೆದ ಕೂಡಲೇ ಅದು ನನ್ನ ಕಾಲಿನ ಮೇಲೆಯೇ ಬಿತ್ತು, ಅಷ್ಟು ಹತ್ತಿರ ಕೂತಿತ್ತು. ಎತ್ತಿಕೊಂಡೆ. ಅಳಲಿಲ್ಲ. ನನ್ನ ಕುತ್ತಿಗೆಯ ಚರ್ಮವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಎಲ್ಲಿಗೆ ಹೋಗಿದ್ದೆ ಎಂದು ವಿಚಾರಣೆ ಮಾಡುವ ಹಾಗೆ ಮುಖ ನೋಡಿತು. ಒಂದು ವಾರಕ್ಕೆ ಎಷ್ಟು ಇಳಿದುಹೋಗಿದೆ ಮಗು.

ಸ್ನಾನ ಮಾಡಿಸಲಿಲ್ಲ. ಊಟ ಮಾಡಿಸಲಿಲ್ಲ. ಮಾಡಿಸಿದರೆ ಹೋಗಲು ಆಗುತ್ತಿರಲಿಲ್ಲ ಎಂದಲ್ಲ, ಟ್ಯಾಕ್ಸಿ ಕಾಯುತ್ತಿತ್ತು.

ತಮ್ಮನ ಹೆಂಡತಿ ಎದುರಿಗೆ ನಿಂತಿದ್ದಳು. ಕೈಯಲ್ಲಿ ಈ ಸಲ ಟವೆಲ್ ಇರಲಿಲ್ಲ.

"ಹಿಡ್ಕೋ" ಅಂದೆ.

"ಅತ್ತಿಗೆ..."

"ಬೀಳಿಸಲ್ಲ ನೀನು. ಬಿಗಿಯಾಗಿ ಹಿಡ್ಕೋ, ಅದೇನು ನೋಟಿನ ಕಟ್ಟಲ್ಲ ತುದಿ ಬೆರಳಲ್ಲಿ ಹಿಡಿಯೋಕೆ. ಎದೆಗೆ ಹಾಕ್ಕೋ. ಹಾಗೆ."

ಕೊಟ್ಟೆ. ಮುಷ್ಟಿ ಬಿಡಿಸಬೇಕಾಯಿತು, ಒಂದೊಂದೇ ಬೆರಳು. ಆಗ ಶುರುವಾಯಿತು ನೋಡಿ ಅಳು. ಅಮಲ್ದಾರರು ಹಿಂದೆಂದೂ ಹಾಗೆ ಅತ್ತಿರಲಿಲ್ಲ. ತಮ್ಮ ಅಭ್ಯಾಸದಿಂದ ಕಿಟಕಿಯ ಕಡೆ ಕೈ ತೋರಿಸಲು ಹೋದ. "ಸುಮ್ನಿರೋ" ಎಂದು ಬೈದೆ. ಮಗುವಿನ ಮುಖವನ್ನು ಎರಡು ಕೈಯಲ್ಲಿ ಹಿಡಿದುಕೊಂಡೆ.

"ನೋಡು. ನನ್ನ ನೋಡು. ನಾನು ಹೋಗ್ತಾ ಇದೀನಿ. ಇಲ್ಲಿ ನಾಳೆ ನಾನು ಇರಲ್ಲ. ಬಾಗಿಲು ನೋಡ್ತಾ ಕೂರಬೇಡ. ಇವಳು ನಿಮ್ಮಮ್ಮ. ಇವಳಿಗೆ ಏನೂ ಬರಲ್ಲ, ನೆಟ್ಟಗೆ ಒಂದು ಲೋಟ ಹಾಲು ಕಾಯಿಸೋಕೂ ಬರಲ್ಲ. ಆದ್ರೆ ಇವಳು ಇರ್ತಾಳೆ. ತಿಳೀತಾ? ಇವಳು ಇರ್ತಾಳೆ."

ಚಪ್ಪಲಿಯನ್ನು ಅದರ ಎದುರಿಗೇ ಮೆಟ್ಟಿದೆ. ಚೀಲ ಎತ್ತಿಕೊಂಡೆ. ಅದು ಎಲ್ಲವನ್ನೂ ನೋಡಿತು, ಅಳುತ್ತಲೇ ನೋಡಿತು. ನಾನು ಬಾಗಿಲಿಗೆ ಹೋಗಿ ತಿರುಗಿದೆ. ತಿರುಗಬೇಕೆಂದು ಯಾರೂ ಹೇಳಿರಲಿಲ್ಲ. ಆಗ ಅದು ನನ್ನನ್ನು ಒಮ್ಮೆ ನೆಟ್ಟಗೆ ನೋಡಿ, ಮುಖ ತಿರುಗಿಸಿ, ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡಿತು.

ಬಾಗಿಲು ಹಾಕಿದೆ. ಸದ್ದಾಗುವ ಹಾಗೆ ಹಾಕಿದೆ.

ಮನೆಯೊಡತಿ ಕೆಳಗೆ ನಿಂತಿದ್ದಳು. ಇಡೀ ಕಟ್ಟಡಕ್ಕೆ ಕೇಳಿಸಿತ್ತಲ್ಲ. ಅವಳ ಭಾಷೆಯಲ್ಲಿ ಏನೋ ಬೈದು, ನನ್ನ ಚೀಲವನ್ನು ಕಿತ್ತುಕೊಂಡು ಟ್ಯಾಕ್ಸಿಯವರೆಗೆ ಹೊತ್ತು ತಂದಳು.

ಏಪ್ರಿಲ್ 11, ಶುಕ್ರವಾರ

ಮನೆ ಧೂಳು ಹಿಡಿದಿತ್ತು. ಎರಡು ದಿನ ಗುಡಿಸಿ ಒರೆಸುವುದರಲ್ಲೇ ಹೋಯಿತು. ಪಕ್ಕದ ಮನೆಯವಳು ವಿದೇಶದಿಂದ ಏನು ತಂದಿರಿ ಎಂದು ಕೇಳಿದಳು. ನೆಗಡಿ ಎಂದೆ.

ಸಂಜೆ ತಮ್ಮ ಫೋನ್ ಮಾಡಿದ. ದನಿಯಲ್ಲೇ ಗೊತ್ತಾಯಿತು.

"ಅಕ್ಕ, ಬರ್ಕೊಡ್ತಾರಂತೆ! ಇವತ್ತು ಕಚೇರಿಯವಳು ಎತ್ಕೊಂಡು ಕೆಳಗಿಳಿಸಿದ ತಕ್ಷಣ ಮಗು ಇವಳ ಹತ್ರಾನೇ ಬಂತು. ನೇರ ಇವಳ ಹತ್ರ. ಇನ್ನು ನ್ಯಾಯಾಧೀಶರ ಸಹಿ ಒಂದೇ."

"ಬಾಗಿಲು ನೋಡುತ್ತಾ?"

"ಇಲ್ಲ ಅಕ್ಕ. ಎರಡು ದಿನ ನೋಡ್ತು, ಅಳ್ತು. ಈಗ ಇಲ್ಲ."

"ಹೂಂ" ಅಂದೆ. ಐದೇ ದಿನ! ಕಣ್ಣಿಗೆ ಮರೆಯಾದರೆ ಮನಸ್ಸಿಗೂ ಮರೆ ಎನ್ನುವುದು ಅಮಲ್ದಾರರ ಕಚೇರಿಯ ಪದ್ಧತಿ ಇರಬೇಕು.

ಹಿಂದುಗಡೆ ಅಳು ಕೇಳುತ್ತಿತ್ತು. ಅವನ ಕೈಯಿಂದ ಅವಳು ಫೋನ್ ತೆಗೆದುಕೊಂಡಳು. "ಅತ್ತಿಗೆ, ಹಲ್ಲು ಬರ್ತಾ ಇದೆ. ಬೆಳಿಗ್ಗೆಯಿಂದ ಒಂದೇ ಸಮ ಅಳು. ವಸಡೆಲ್ಲ ಕೆಂಪಗಾಗಿದೆ. ಏನ್ ಮಾಡ್ಲಿ? ನೀವಾಗಿದ್ರೆ ಏನ್ ಮಾಡ್ತಿದ್ರಿ?"

ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ನನಗೆ ಗೊತ್ತಿತ್ತು. ನಾಲಗೆಯ ತುದಿಯಲ್ಲಿತ್ತು.

"ನನಗೇನು ಗೊತ್ತು" ಅಂದೆ. "ಅಳೋದು ನಿನ್ನ ಮಗಳು. ನೀನೇ ನೋಡು, 'ಏನಮ್ಮಾ' ಅಂತ ಅವಳನ್ನೇ ಕೇಳು."

ಆಮೇಲೆ ಫೋನನ್ನು ಎಲ್ಲೋ ಇಟ್ಟ ಸದ್ದು. ದೂರದಲ್ಲಿ ಅವಳು ಏನೋ ಹೇಳುತ್ತಿದ್ದಳು, ಮಾತು ಹಿಡಿಯಲಾಗಲಿಲ್ಲ, ದನಿ ಮಾತ್ರ. ನೀರು ಸುರಿದ ಸದ್ದು. ಅಳು ಏರಿತು, ತಡೆಯಿತು, ಮತ್ತೆ ಸ್ವಲ್ಪ ಏರಿತು. ಅವಳು ಅವಸರ ಮಾಡಲಿಲ್ಲ. ಆಮೇಲೆ ಬಿಕ್ಕು ಬಿಕ್ಕಾಗಿ ಇಳಿದು ನಿಂತಿತು. ಮಗು ಏನೋ ಚೀಪುವ ಸದ್ದು ಕೇಳಿದಂತಾಯಿತು. ಅವಳು ನಕ್ಕಳು.

ಇಬ್ಬರಿಗೂ ನನ್ನ ನೆನಪೇ ಇರಲಿಲ್ಲ. ಮಾತು ಮುಗಿದ ಮೇಲೆ ಫೋನ್ ಇಡಬೇಕೆಂದೂ ತಿಳಿಯದ ಜನ.

ನಾನೂ ಇಡಲಿಲ್ಲ.